ಕಪ್ಪು ಚುಕ್ಕೆ ಇರಲಿ, ಮೀನು ಎಷ್ಟು ಉದ್ದ ಇತ್ತು ಹೇಳಿ

ಓದುಗರ ಪ್ರಶ್ನೆ: ಮೇಡಂ, ನಮ್ಮೂರು ಕುಂದಾಪುರದ ಕಡೆ. ಈಗ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಮಿನಿಯಾಪೊಲಿಸ್ ಹತ್ತಿರ. ಹೋದ ವಾರ ಗೆಳೆಯರ ಜೊತೆ ಉತ್ತರಕ್ಕೆ, ಈಲಿ ಪಟ್ಟಣದ ಹತ್ತಿರದ ಒಂದು ಸರೋವರಕ್ಕೆ ಗಾಳ ಹಾಕಲು ಹೋಗಿದ್ದೆ. ಲೈಸೆನ್ಸ್ ಮಾಡಿಸಿಕೊಂಡಿದ್ದೆ. ನೀರು ಚಹಾದ ಹಾಗೆ ಕಂದು ಬಣ್ಣ, ಸುತ್ತ ಬರೀ ಕಾಡು, ಒಂದು ಕಾರ್ಖಾನೆಯೂ ಇಲ್ಲ. 15 ಇಂಚಿನ ಮೂರು ವಾಲೈ, 22 ಇಂಚಿನ ಒಂದು ವಾಲೈ, 28 ಇಂಚಿನ ಒಂದು ನಾರ್ದರ್ನ್ ಪೈಕ್, ನಾಲ್ಕು ಸಣ್ಣ ಪರ್ಚ್ ಸಿಕ್ಕವು. ಮನೆಗೆ ಬಂದ ದಿನವೇ ಒಂದು ಸಣ್ಣ ವಾಲೈ ಹುರಿದು ಎಲ್ಲರೂ ತಿಂದೆವು. ಮರುದಿನ ಪರ್ಚ್ ಹೆಚ್ಚುವಾಗ ಅಮ್ಮ ಕೂಗಿಕೊಂಡರು. ಚರ್ಮದ ತುಂಬ ಕಪ್ಪು ಚುಕ್ಕೆ, ಮಾಂಸದೊಳಗೆ ಹಳದಿ ಹುಳ! ವಾಲೈಯ ಕಣ್ಣು ನೋಡಿದರೆ ಪೊರೆ ಬಂದ ಹಾಗೆ ಬೆಳ್ಳಗಿದೆ. ಪಕ್ಕದ ಮನೆಯವರು ಪೈಕ್ ನೋಡಿ, ಇದು ಮಸ್ಕಿ ಇರಬಹುದು, ದಂಡ ಬೀಳುತ್ತದೆ ಅಂದರು. ಇನ್ನೊಬ್ಬ ಗೆಳೆಯ ಪಾದರಸದ ವಿಷಯ ಹೇಳಿ ಎಲ್ಲ ಬಿಸಾಡು ಅಂದ. ಹೆಂಡತಿಗೆ ಈಗ ಐದು ತಿಂಗಳು. ಮಗಳಿಗೆ ಆರು ವರ್ಷ. ಅರಿಸಿನ ಉಪ್ಪು ಹಚ್ಚಿ, ಹುಣಸೆಹುಳಿ ಹಾಕಿ ಕುದಿಸಿದರೆ ಎಲ್ಲ ಹೋಗುತ್ತದೆ ಎನ್ನುವುದು ಅಮ್ಮನ ವಾದ. ಯಾರ ಮಾತು ಸರಿ? ದೊಡ್ಡ ಮೀನನ್ನು ವಾಪಸ್ ಬಿಟ್ಟರೂ ಅದು ಸತ್ತೇ ಹೋಗುತ್ತದಂತೆ, ನಿಜವಾ?

ಉತ್ತರ: ಮೊದಲು ಫ್ರೀಜರ್ ವಿಷಯ ಮುಗಿಸೋಣ. ಏನನ್ನೂ ಬಿಸಾಡಬೇಡಿ. ಆದರೆ ಹೆಂಡತಿಗೂ ಮಗಳಿಗೂ ಅದನ್ನು ಸದ್ಯಕ್ಕೆ ಬಡಿಸಬೇಡಿ. ಅಮ್ಮ ಹೆದರಿದ್ದು ಹುಳಕ್ಕೆ, ಗೆಳೆಯ ಹೆದರಿಸಿದ್ದು ಪಾದರಸಕ್ಕೆ. ಹುಳ ಕಣ್ಣಿಗೆ ಕಾಣುತ್ತದೆ, ನಿಮಗೆ ಏನೂ ಮಾಡುವುದಿಲ್ಲ. ಪಾದರಸ ಕಾಣುವುದಿಲ್ಲ, ಮೂಸಿದರೆ ಗೊತ್ತಾಗುವುದಿಲ್ಲ, ರುಚಿಯೂ ಇಲ್ಲ. ಯೋಚನೆ ಮಾಡಬೇಕಾದದ್ದು ಅದರ ಬಗ್ಗೆ.

ನಾನು ಓದಿದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ. ಆಮೇಲೆ ಕೆಲಸ ಮಾಡಿದ್ದು ಈ ಉತ್ತರದ ಸರೋವರಗಳ ಮೇಲೆ. ಪ್ರತಿ ಶರತ್ಕಾಲ ಬಲೆ ಬಿಟ್ಟು, ಮೀನು ಅಳೆದು, ತೂಗಿ, ತಲೆಯೊಳಗಿನ ಕಿವಿಕಲ್ಲು ತೆಗೆದು ವಯಸ್ಸು ಎಣಿಸುವ ಕೆಲಸ. ಮರ ಕಡಿದಾಗ ಉಂಗುರ ಎಣಿಸುತ್ತೇವಲ್ಲ, ಹಾಗೆ. ಅದಕ್ಕೇ ಮೀನಿನ ಬಗ್ಗೆ ಯಾರು ಏನೇ ಕೇಳಿದರೂ ನನ್ನ ಬಾಯಲ್ಲಿ ಮೊದಲು ಬರುವುದು, ಉದ್ದ ಎಷ್ಟಿತ್ತು ಎನ್ನುವ ಪ್ರಶ್ನೆ. ನಾನು ಕೇಳುವ ಮೊದಲೇ ಬರೆದಿದ್ದೀರಿ, ಅರ್ಧ ಕೆಲಸ ಮುಗಿಯಿತು.

ಕಣ್ಣಿನ ವಿಷಯ ಸುಲಭ. ವಾಲೈಗೆ ಪೊರೆ ಬಂದಿಲ್ಲ, ಕುರುಡೂ ಅಲ್ಲ. ರಾತ್ರಿ ಹಟ್ಟಿಗೆ ಟಾರ್ಚ್ ಹಿಡಿದರೆ ದನದ ಕಣ್ಣು ಫಳಕ್ಕನೆ ಹೊಳೆಯುತ್ತದಲ್ಲ? ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪದರ ಇರುವುದರಿಂದ ಹಾಗೆ. ವಾಲೈಗೂ ಅದೇ ಇದೆ. ಇದ್ದಷ್ಟು ಬೆಳಕನ್ನು ಎರಡು ಸಲ ಬಳಸಿಕೊಳ್ಳುತ್ತದೆ. ಸಂಜೆ ಕತ್ತಲಾಗುವಾಗ, ಗಾಳಿಗೆ ನೀರು ಕದಡಿದಾಗ ಪರ್ಚ್‌ಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ವಾಲೈಗೆ ಕಾಣುತ್ತದೆ. ಅದರ ಬೇಟೆಯ ಸಮಯ ಅದು. ಸಣ್ಣ ಅಲೆ ಎದ್ದ ದಿನವನ್ನು ಇಲ್ಲಿನ ಗಾಳದವರು ‘ವಾಲೈ ಚಾಪ್’ ಅನ್ನುತ್ತಾರೆ, ಬಿಸಿಲಿನ ನಡುಹಗಲಿಗಿಂತ ಅಂಥ ದಿನವೇ ಗಾಳಕ್ಕೆ ಜಾಸ್ತಿ ಬೀಳುತ್ತದೆ. 1965ರಲ್ಲಿ ಮಿನ್ನೆಸೋಟ ಇದನ್ನು ರಾಜ್ಯದ ಮೀನು ಅಂತ ಮಾಡಿಕೊಂಡಿತು. ಇಲ್ಲಿಯವರಿಗೆ ಇದರ ಮೇಲೆ ಇರುವ ಪ್ರೀತಿ, ನಮ್ಮ ಕರಾವಳಿಯವರಿಗೆ ಕಾಣೆ ಮೀನಿನ ಮೇಲೆ ಇರುವಂಥದ್ದು. ಮಾಂಸವೂ ಹೆಚ್ಚುಕಡಿಮೆ ಹಾಗೇ: ಬಿಳಿ, ಕಡಿಮೆ ಎಣ್ಣೆ, ಸಲೀಸಾಗಿ ಬಿಡಿಸಿಕೊಳ್ಳುತ್ತದೆ.

ಇನ್ನು ಪೈಕ್ ಮತ್ತು ಮಸ್ಕಿ. ನಿಮ್ಮ ನೆರೆಯವರು ಸುಮ್ನೆ ಹೆದರಿಸಿಲ್ಲ. ಎರಡೂ ಒಂದೇ ಕುಟುಂಬ, ಎರಡಕ್ಕೂ ಬಾತುಕೋಳಿಯ ಕೊಕ್ಕಿನಂಥ ಮೂತಿ. ಮಸ್ಕಿಯನ್ನು ಇಟ್ಟುಕೊಳ್ಳಬೇಕಾದರೆ ಮಿನ್ನೆಸೋಟದ ಬಹುಪಾಲು ಸರೋವರಗಳಲ್ಲಿ ಅದು 54 ಇಂಚಾದರೂ ಇರಬೇಕು. ಅಂದರೆ ನಾಲ್ಕೂವರೆ ಅಡಿ. 28 ಇಂಚಿನ ಮಸ್ಕಿ ಮನೆಗೆ ತಂದರೆ ದಂಡ ಖಂಡಿತ. ನಿಮ್ಮ ಮೀನಿನ ಮೈ ನೋಡಿ. ಕಡು ಹಸಿರು ಮೈ ಮೇಲೆ ತಿಳಿ ಬಣ್ಣದ ಚುಕ್ಕೆ ಇದ್ದರೆ ಪೈಕ್. ತಿಳಿ ಮೈ ಮೇಲೆ ಕಪ್ಪು ಪಟ್ಟೆ, ಕಪ್ಪು ಚುಕ್ಕೆ ಇದ್ದರೆ ಮಸ್ಕಿ. ಬಣ್ಣ ಮಾಸಿದ್ದರೆ ಕೆಳದವಡೆ ತಿರುಗಿಸಿ, ಅಡಿಯಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ತೂತುಗಳಿರುತ್ತವೆ. ಒಂದು ಪಕ್ಕಕ್ಕೆ ಐದು ಅಥವಾ ಕಡಿಮೆ ಇದ್ದರೆ ಪೈಕ್. ಆರು ಮತ್ತು ಮೇಲೆ ಇದ್ದರೆ ಮಸ್ಕಿ. ಗೆಳೆಯರು ಇನ್ನೊಂದು ಕಥೆಯನ್ನೂ ಹೇಳಿರಬಹುದು, ಬೇಸಿಗೆ ಕೊನೆಗೆ ಪೈಕ್‌ನ ಹಲ್ಲೆಲ್ಲ ಉದುರುತ್ತದೆ, ಅದಕ್ಕೇ ಆಗ ಗಾಳ ಕಚ್ಚುವುದಿಲ್ಲ ಅಂತ. ಇಲ್ಲ. ವರ್ಷವಿಡೀ ಒಂದೊಂದೇ ಹಲ್ಲು ಬೀಳುತ್ತಿರುತ್ತದೆ, ಬರುತ್ತಿರುತ್ತದೆ. ಇದನ್ನು ನಂಬಿ ಬಾಯಿಗೆ ಬೆರಳು ಹಾಕಿದವರ ಬೆರಳು ನಾನು ನೋಡಿದ್ದೇನೆ.

ಈಗ ಹುಳ. ಕಪ್ಪು ಚುಕ್ಕೆ ಎನ್ನುವುದು ರೋಗದ ಕಲೆ ಅಲ್ಲ, ಒಂದು ಚಪ್ಪಟೆ ಹುಳದ ಮರಿಯ ಗೂಡು. ಇದರ ಸಂಸಾರ ಮೂರು ಮನೆಯಲ್ಲಿ ನಡೆಯುತ್ತದೆ. ದೊಡ್ಡ ಹುಳ ಇರುವುದು ಮಿಂಚುಳ್ಳಿಯ ಹೊಟ್ಟೆಯಲ್ಲಿ. ಹಿಕ್ಕೆಯ ಜೊತೆ ಮೊಟ್ಟೆ ನೀರಿಗೆ ಬೀಳುತ್ತದೆ. ಮರಿ ಬಸವನಹುಳುವಿನೊಳಗೆ ಸೇರಿ ಬೆಳೆದು, ಹೊರಗೆ ಬಂದು ಮೀನಿನ ಚರ್ಮ ಕೊರೆದು ಕೂರುತ್ತದೆ. ಮೀನು ಅದರ ಸುತ್ತ ಕಪ್ಪು ಬಣ್ಣ ತುಂಬಿ ಗೋಡೆ ಕಟ್ಟುತ್ತದೆ. ನಿಮ್ಮಮ್ಮ ನೋಡಿದ್ದು ಆ ಗೋಡೆ. ಮಿಂಚುಳ್ಳಿ ಆ ಮೀನನ್ನು ನುಂಗಿದರೆ ಚಕ್ರ ಮುಂದುವರಿಯುತ್ತದೆ. ನಾವು ತಿಂದರೆ ಅಲ್ಲಿಗೇ ಮುಗಿಯಿತು. ಹಳದಿ ಹುಳದ್ದೂ ಇದೇ ಕಥೆ, ಮಿಂಚುಳ್ಳಿಯ ಬದಲು ಬಕ ಪಕ್ಷಿ ಅಷ್ಟೆ. ಬೇಯಿಸಿದರೆ ಎರಡೂ ಸಾಯುತ್ತವೆ. ನೋಡಲು ಅಸಹ್ಯ ಆದರೆ ಚಾಕುವಿನ ತುದಿಯಲ್ಲಿ ಕಿತ್ತು ತೆಗೆಯಿರಿ, ಕಪ್ಪು ಚುಕ್ಕೆ ಇದ್ದರೆ ಚರ್ಮ ಸುಲಿಯಿರಿ. ದಡದ ಹತ್ತಿರ ಜೊಂಡು, ಬಸವನಹುಳು, ಹಕ್ಕಿ ಎಲ್ಲ ಇರುವ ಸರೋವರದಲ್ಲಿ ಇವು ಇದ್ದೇ ಇರುತ್ತವೆ. ಕೆಲವೊಮ್ಮೆ ವಾಲೈಯ ಮೈ ಮೇಲೆ ನರಹುಲಿಯಂಥ ಗಂಟು ಕಾಣುತ್ತದೆ, ಅದು ಮೀನಿನ ವೈರಸ್. ಮನುಷ್ಯರಿಗೆ ತಗಲುವುದಿಲ್ಲ.

ಹಾಗಂತ ಉತ್ತರದ ಮೀನಿನಲ್ಲಿ ನಮಗೆ ಅಂಟುವ ಹುಳ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಒಂದಿದೆ. ಪೈಕ್, ವಾಲೈ, ಪರ್ಚ್ ಮೂರರಲ್ಲೂ ಇರಬಹುದಾದ ಮೀನಿನ ಲಾಡಿಹುಳ. ಅದರ ಮರಿ ಬಿಳಿಯಾಗಿ ಮಾಂಸದ ಬಣ್ಣದಲ್ಲೇ ಬೆರೆತಿರುತ್ತದೆ, ಎದ್ದು ಕಾಣುವುದಿಲ್ಲ. ಹಸಿ ಮೀನು ತಿಂದವರ ಕರುಳಿನಲ್ಲಿ ಮೂವತ್ತು ಅಡಿವರೆಗೆ ಬೆಳೆಯುತ್ತದೆ, ಬಿ12 ಜೀವಸತ್ವವನ್ನು ಕದಿಯುತ್ತದೆ. ಕಳೆದ ಶತಮಾನದ ಮೊದಲ ಭಾಗದಲ್ಲಿ ಇಲ್ಲಿಗೆ ವಲಸೆ ಬಂದ ಫಿನ್‌ಲ್ಯಾಂಡ್ ಕಡೆಯವರಲ್ಲಿ, ರುಬ್ಬಿದ ಹಸಿ ಮೀನಿನ ಉಪ್ಪು ನೋಡುತ್ತಿದ್ದ ಯಹೂದಿ ಹೆಂಗಸರಲ್ಲಿ ಇದು ಸಾಕಷ್ಟು ಕಂಡಿತ್ತು. ಒಳಗಿನ ಮಾಂಸ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಯುತ್ತದೆ. ನಮ್ಮ ಸಾರು ಕುದಿಯುವ ಕುದಿಗೆ ಅದು ಲೆಕ್ಕವೇ ಅಲ್ಲ. ಎಚ್ಚರ ಬೇಕಿರುವುದು ಸುಶಿ ಮಾಡುವವರಿಗೆ, ಪೈಕನ್ನು ವಿನಿಗರ್‌ನಲ್ಲಿ ಉಪ್ಪಿನಕಾಯಿಯ ಹಾಗೆ ಹಾಕುವವರಿಗೆ. ಅವರು ಮೊದಲು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಬೇಕು. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಸುತ್ತ ಇರುತ್ತದೆ, ಥರ್ಮಾಮೀಟರ್ ಇಟ್ಟು ನೋಡದೆ ನಂಬಬೇಡಿ.

ಸರಿ, ಪಾದರಸ. ಸುತ್ತ ಕಾಡು, ಕಾರ್ಖಾನೆ ಇಲ್ಲ, ಅಂದ ಮೇಲೆ ಮೀನು ಶುದ್ಧ ಅಂತ ನೀವು ಅಂದುಕೊಂಡಿದ್ದೀರಿ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಾನೂ ಮೊದಲ ವರ್ಷ ಹಾಗೇ ಅಂದುಕೊಂಡಿದ್ದೆ. ದೋಣಿಯಿಂದ ಬೊಗಸೆಯಲ್ಲಿ ನೀರೆತ್ತಿದರೆ ಕುಡಿಯಬೇಕು ಅನ್ನಿಸುವಂಥ ಸರೋವರ. ಆಮೇಲೆ ಪ್ರಯೋಗಾಲಯದಿಂದ ಬಂದ ಪಟ್ಟಿ ನೋಡಿದಾಗ, ಊರಿನ ನಡುವೆ ಇರುವ ಹಸಿರು ಪಾಚಿಯ ಕೆರೆಯ ಮೀನಿಗಿಂತ ಈ ಕಾಡಿನ ಮೀನಿನಲ್ಲಿ ಪಾದರಸ ಜಾಸ್ತಿ! ತಪ್ಪಾಗಿದೆ ಅಂತ ಮತ್ತೊಮ್ಮೆ ಕೇಳಿಸಿದೆ. ತಪ್ಪಾಗಿರಲಿಲ್ಲ.

ಇದು ಬರುವುದು ಆಕಾಶದಿಂದ. ಕಲ್ಲಿದ್ದಲು ಸುಟ್ಟಾಗ, ಅದಿರು ಕಾಯಿಸಿದಾಗ ಅದರಲ್ಲಿರುವ ಪಾದರಸ ಆವಿಯಾಗಿ ಮೇಲೇರುತ್ತದೆ. ತಿಂಗಳುಗಟ್ಟಲೆ ಗಾಳಿಯಲ್ಲಿ ಸುತ್ತುತ್ತದೆ, ದೇಶ ದಾಟುತ್ತದೆ, ಮಳೆ ಹಿಮದ ಜೊತೆ ಇಳಿಯುತ್ತದೆ. ಮಿನ್ನೆಸೋಟದ ಮೇಲೆ ಬೀಳುವ ಪಾದರಸದ ಬಹುಪಾಲು ಹೊರಗಿನದು. ಆದರೆ ಬಿದ್ದ ಪಾದರಸವೆಲ್ಲ ಮೀನಿಗೆ ಹೋಗುವುದಿಲ್ಲ. ಅದು ಮೀಥೈಲ್ ಪಾದರಸ ಆಗಬೇಕು. ಆ ಕೆಲಸ ಮಾಡುವುದು ಗಾಳಿಯಾಡದ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾ. ಅವಕ್ಕೆ ಬೇಕಾದದ್ದು ಜೌಗು, ಕೊಳೆತ ಎಲೆ, ಸ್ವಲ್ಪ ಹುಳಿ ನೀರು, ಸ್ವಲ್ಪ ಗಂಧಕದ ಉಪ್ಪು. ಈಲಿಯ ಸುತ್ತ ಇವೆಲ್ಲ ಧಾರಾಳ. ನೀವು ನೋಡಿದ ಚಹಾ ಬಣ್ಣ ಇದೆಯಲ್ಲ, ಅದು ಜೌಗಿನ ಕಷಾಯ. ಹಸಿರು ಪಾಚಿಯ ಕೆರೆಗೆ ಈ ಅಡುಗೆಮನೆ ಅಷ್ಟಾಗಿ ಇಲ್ಲ. ಜೊತೆಗೆ ಅಲ್ಲಿ ಮೇವು ಜಾಸ್ತಿ, ಮೀನು ಬೇಗ ಬೆಳೆಯುತ್ತದೆ, ಇದ್ದ ಪಾದರಸ ದೊಡ್ಡ ಮೈಯಲ್ಲಿ ಹಂಚಿಹೋಗುತ್ತದೆ.

ನೀರಿನಲ್ಲಿ ಇರುವುದು ಅತಿ ಸಣ್ಣ ಪ್ರಮಾಣ. ಈಜಿದರೆ, ಕೈ ತೊಳೆದರೆ ಏನೂ ಆಗುವುದಿಲ್ಲ. ಆದರೆ ಪಾಚಿ ಹೀರುತ್ತದೆ, ಪಾಚಿಯನ್ನು ನೀರಿನ ಸಣ್ಣ ಜೀವಿ ತಿನ್ನುತ್ತದೆ, ಅದನ್ನು ಪರ್ಚ್, ಪರ್ಚನ್ನು ವಾಲೈ, ಸಣ್ಣ ವಾಲೈಯನ್ನು ಪೈಕ್. ಪ್ರತಿ ಮೆಟ್ಟಿಲಿಗೂ ಸಾಂದ್ರತೆ ಏರುತ್ತದೆ, ಏಕೆಂದರೆ ಒಳಗೆ ಹೋದದ್ದು ಬೇಗ ಹೊರಗೆ ಬರುವುದಿಲ್ಲ. ಬೇಟೆಯಾಡುವ ಮೀನಿನ ಮಾಂಸದಲ್ಲಿ ಅದು ನೀರಿಗಿಂತ ಹತ್ತು ಲಕ್ಷ ಪಟ್ಟು ಇರುವುದುಂಟು. ಇಲ್ಲೇ ಉದ್ದದ ಪ್ರಶ್ನೆ ಬರುವುದು. ಉತ್ತರದ ತಣ್ಣೀರಿನಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ ಬೆಳವಣಿಗೆ. ನಿಮ್ಮ 15 ಇಂಚಿನ ವಾಲೈ ನಾಲ್ಕು ವರ್ಷದ್ದು ಇರಬಹುದು. 22 ಇಂಚಿನದು ಅದರ ಎರಡು ಪಟ್ಟು ವಯಸ್ಸಿನದು, ಅಷ್ಟು ವರ್ಷವೂ ತನಗಿಂತ ಸಣ್ಣ ಮೀನುಗಳನ್ನೇ ತಿಂದಿದೆ.

ಪಾದರಸ ಎಷ್ಟು ಕೆಟ್ಟದ್ದಾಗಬಹುದು ಎನ್ನುವುದಕ್ಕೆ ಈ ಕಡೆಯವರು ದೂರ ಹೋಗಬೇಕಿಲ್ಲ. ಗಡಿಯ ಆಚೆ, ಕೆನಡಾದ ಒಂಟಾರಿಯೊದಲ್ಲಿ ಡ್ರೈಡನ್ ಎನ್ನುವ ಊರಿದೆ. 1962ರಿಂದ 1970ರವರೆಗೆ ಅಲ್ಲಿನ ಕಾಗದ ಗಿರಣಿಯ ರಾಸಾಯನಿಕ ಘಟಕ ಸುಮಾರು ಒಂಬತ್ತು ಹತ್ತು ಟನ್ ಪಾದರಸವನ್ನು ನದಿಗೆ ಬಿಟ್ಟಿತು. ಕೆಳಗೆ ಗ್ರಾಸಿ ನ್ಯಾರೋಸ್ ಎನ್ನುವ ಮೂಲನಿವಾಸಿಗಳ ಹಳ್ಳಿ. ಅವರ ಊಟ, ದುಡಿಮೆ ಎರಡೂ ವಾಲೈ. ದಿನಾ ತಿನ್ನುತ್ತಿದ್ದರು, ಪ್ರವಾಸಿಗರಿಗೆ ಗಾಳದ ಮಾರ್ಗದರ್ಶಿಗಳಾಗಿ ದುಡಿಯುತ್ತಿದ್ದರು. 1970ರಲ್ಲಿ ಮೀನು ಮಾರಾಟ ನಿಂತಿತು. ಕೈ ನಡುಗುವುದು, ದೃಷ್ಟಿ ಕಿರಿದಾಗುವುದು, ನಡಿಗೆ ತಪ್ಪುವುದು, ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಗುರುತಿಸಿದ ಅದೇ ಲಕ್ಷಣಗಳು ಅಲ್ಲಿಯೂ ಕಂಡವು. ಆ ಹಳ್ಳಿ ಇವತ್ತಿಗೂ ಅದರಿಂದ ಬಿಡಿಸಿಕೊಂಡಿಲ್ಲ. ನಿಮ್ಮ ಸರೋವರ ಅದಲ್ಲ, ನೀವು ದಿನಾ ತಿನ್ನುವವರೂ ಅಲ್ಲ. ಹೆದರಿಸಲು ಹೇಳುತ್ತಿಲ್ಲ. ಗೆಳೆಯರು ‘ಎಲ್ಲ ಬಿಸಾಡು’ ಅನ್ನುವಾಗ ಅವರ ಮನಸ್ಸಿನಲ್ಲಿ ಇರುವುದು ಈ ಚಿತ್ರ, ಅದಕ್ಕೆ ಹೇಳಿದೆ.

ನಿಮಗೆ ಹತ್ತಿರದ ಲೆಕ್ಕ ಬೇರೆ ಇದೆ. ಲೇಕ್ ಸುಪೀರಿಯರ್ ಸುತ್ತಲಿನ ಮೂರು ರಾಜ್ಯಗಳಲ್ಲಿ ಹುಟ್ಟಿದ 1,465 ಮಕ್ಕಳ ರಕ್ತದ ಹನಿಯಲ್ಲಿ ಪಾದರಸ ನೋಡಿದರು. ಒಟ್ಟಾರೆ ನೂರಕ್ಕೆ 8 ಮಕ್ಕಳಲ್ಲಿ ಮಿತಿಗಿಂತ ಜಾಸ್ತಿ ಇತ್ತು. ಮಿನ್ನೆಸೋಟ ಭಾಗದಲ್ಲಿ ನೂರಕ್ಕೆ 10. ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚು. ಬೇಸಿಗೆ ಅಂದರೆ ಮನೆಮನೆಯಲ್ಲೂ ಸರೋವರದ ಮೀನು ಬೇಯುವ ಕಾಲ ಅಲ್ವಾ. ಬಸಿರಿನಲ್ಲಿ ಇದು ಮಗುವಿನ ಮಿದುಳಿಗೆ ಹೋಗುತ್ತದೆ. ತಾಯಿಗೆ ಏನೂ ಅನ್ನಿಸುವುದಿಲ್ಲ. ಮಗುವಿನಲ್ಲೂ ದೊಡ್ಡ ಊನವೇನೂ ಕಾಣದಿರಬಹುದು, ನೆನಪು, ಮಾತು, ಗಮನ ಒಂದಿಷ್ಟು ಹಿಂದೆ ಬೀಳಬಹುದು. ಅದಕ್ಕೇ ಬಸುರಿಯರಿಗೂ ಮಕ್ಕಳಿಗೂ ಬೇರೆ ಲೆಕ್ಕ.

ಈಗ ನಿಮ್ಮಮ್ಮನ ವಾದ. ಅರಿಸಿನ, ಉಪ್ಪು, ಹುಳಿ, ಕುದಿ, ಯಾವುದಕ್ಕೂ ಪಾದರಸ ಜಗ್ಗುವುದಿಲ್ಲ. ಅದು ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ. ಹುರಿದಾಗ ನೀರು ಹಾರಿ ತುಂಡು ಚಿಕ್ಕದಾಗುತ್ತದೆ, ತೂಕಕ್ಕೆ ಲೆಕ್ಕ ಹಾಕಿದರೆ ಪಾದರಸ ಒಂದು ಕೈ ಜಾಸ್ತಿಯೇ ಆಗುತ್ತದೆ. ಚರ್ಮ, ಕೊಬ್ಬು ತೆಗೆದರೆ ವಿಷ ಹೋಗುತ್ತದೆ ಅಂತ ಇಲ್ಲಿನವರು ಹೇಳುವುದು ಪಿಸಿಬಿ ಎನ್ನುವ ಇನ್ನೊಂದು ರಾಸಾಯನಿಕದ ಬಗ್ಗೆ. ಅದು ಕೊಬ್ಬಿನಲ್ಲಿ ಕೂರುತ್ತದೆ, ಲೇಕ್ ಸುಪೀರಿಯರ್‌ನ ಕೊಬ್ಬಿದ ಲೇಕ್ ಟ್ರೌಟ್‌ಗೆ ಆ ಮಾತು ಸರಿ. ಪಾದರಸಕ್ಕೆ ಅಲ್ಲ. ಆದರೆ ಅಮ್ಮ ಒಂದು ವಿಷಯದಲ್ಲಿ ಗೆದ್ದಿದ್ದಾರೆ, ಹೇಳಿಬಿಡಿ. ಬೇಸಿಗೆಯ ಸರೋವರದ ಮೀನಿಗೆ ಬರುವ ಮಣ್ಣುವಾಸನೆ ಜಿಯೋಸ್ಮಿನ್ ಎನ್ನುವ ವಸ್ತುವಿನದು, ಒಣನೆಲಕ್ಕೆ ಮೊದಲ ಮಳೆ ಬಿದ್ದಾಗ ಬರುವ ಘಮವೂ ಅದರದ್ದೇ. ಹುಳಿ ತಾಗಿದರೆ ಅದು ಒಡೆದು ವಾಸನೆ ಕಳೆದುಕೊಳ್ಳುತ್ತದೆ. ಹುಣಸೆಹುಳಿಯ ಮೀನುಸಾರು ಮಾಡಿದವರಿಗೆ ಇದು ಮೊದಲಿನಿಂದ ಗೊತ್ತಿತ್ತು.

ಹಾಗಾದರೆ ಯಾರಿಗೆ ಎಷ್ಟು? ಮಿನ್ನೆಸೋಟ ಆರೋಗ್ಯ ಇಲಾಖೆ ಪಟ್ಟಿ ಕೊಡುತ್ತದೆ. ಅದರ ಸಾಮಾನ್ಯ ಸೂತ್ರ ನಾನು ಬಹಳ ವರ್ಷದಿಂದ ಹೇಳಿಕೊಂಡು ಬಂದದ್ದು ಹೀಗೆ: ನಿಮಗೂ ಅಮ್ಮನಿಗೂ ವಾಲೈ, ಪೈಕ್ ಆದರೆ ವಾರಕ್ಕೆ ಒಂದೂಟ. ಬಸುರಿಯರಿಗೆ, ಬಸುರಿ ಆಗಬಹುದಾದವರಿಗೆ, 15 ವರ್ಷದೊಳಗಿನ ಮಕ್ಕಳಿಗೆ 20 ಇಂಚಿಗಿಂತ ಕಡಿಮೆ ಉದ್ದದ ವಾಲೈ, 30 ಇಂಚಿಗಿಂತ ಕಡಿಮೆ ಉದ್ದದ ಪೈಕ್ ತಿಂಗಳಿಗೆ ಒಂದೂಟ. ಅದಕ್ಕಿಂತ ದೊಡ್ಡದು, ಮತ್ತು ಮಸ್ಕಿ ಯಾವ ಅಳತೆಯದ್ದಾದರೂ, ಬೇಡ. ಆದರೆ ನೀವು ಹೋದ ಈಶಾನ್ಯ ಮೂಲೆಗೆ ಸಲಹೆ ಇನ್ನೂ ಬಿಗಿ, ಕಾರಣ ಮೇಲೆ ಹೇಳಿದ ಜೌಗು. ಕೆಲವು ಸರೋವರಗಳಿಗೆ ಪ್ರತ್ಯೇಕ ಪಟ್ಟಿಯೇ ಇದೆ. ನಿಮ್ಮ ಸರೋವರದ ಹೆಸರು ಹಾಕಿ ನೋಡಿ. ನೋಡುವವರೆಗೆ ಹೆಂಡತಿಗೂ ಮಗಳಿಗೂ ಈ ಮೀನು ಬೇಡ. 22 ಇಂಚಿನದ್ದಂತೂ ಪಟ್ಟಿ ನೋಡಿದ ಮೇಲೂ ಬೇಡ.

ಅವತ್ತು ಹೆಂಡತಿ ತಿಂದ ಸಣ್ಣ ವಾಲೈಯ ಬಗ್ಗೆ ಕೊರಗಬೇಡಿ. ಒಂದೂಟದಿಂದ ಆಗುವ ಅಪಾಯ ಅಲ್ಲ ಇದು, ತಿಂಗಳುಗಟ್ಟಲೆ ತಟ್ಟೆಗೆ ಬಂದರೆ ಆಗುವಂಥದ್ದು. ಮೈಯಲ್ಲಿ ಸೇರಿದ ಪಾದರಸ ಸುಮಾರು ಐವತ್ತು ದಿನಕ್ಕೆ ಅರ್ಧ ಆಗುತ್ತದೆ. ಬಸಿರಿಗೆ ಮೊದಲಿನಿಂದಲೂ ಮನೆಯಲ್ಲಿ ಇಂಥ ಮೀನು ವಾರವಾರ ಬೇಯುತ್ತಿದ್ದರೆ ಮಾತ್ರ ಡಾಕ್ಟರಿಗೆ ಹೇಳಿ, ರಕ್ತ ಪರೀಕ್ಷೆ ಇದೆ.

ಇದರ ಇನ್ನೊಂದು ಮಗ್ಗುಲು ಇದೆ. ಹೆದರಿ ಮೀನನ್ನೇ ಬಿಟ್ಟುಬಿಡುವುದು. ಅದೂ ನಷ್ಟವೇ. ಮಗುವಿನ ಮಿದುಳಿಗೆ ಮೀನಿನ ಎಣ್ಣೆ ಬೇಕು. ಬಸುರಿಯರು ಪಾದರಸ ಕಡಿಮೆ ಇರುವ ಮೀನನ್ನು ವಾರಕ್ಕೆ 225ರಿಂದ 340 ಗ್ರಾಂ ತಿನ್ನಿ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯೇ ಹೇಳುತ್ತದೆ. ಸಾಲ್ಮನ್, ಬೂತಾಯಿ, ಅಟ್ಲಾಂಟಿಕ್ ಬಂಗುಡೆ, ಸಿಗಡಿ ಎಲ್ಲ ಆಗುತ್ತದೆ. ಇಲ್ಲಿ ನಮ್ಮವರು ಎಡವುವುದು ಒಂದೇ ಕಡೆ. ಸರೋವರದ ಮೀನಿಗೆ ಹೆದರಿ ಇಂಡಿಯನ್ ಅಂಗಡಿಗೆ ಹೋಗಿ ಫ್ರೀಜರಿನ ಕಿಂಗ್ ಫಿಶ್ ತರುತ್ತಾರೆ. ಅದು ನಮ್ಮ ಅಂಜಲ್. ಬಸುರಿಯರು ಮುಟ್ಟಲೇಬಾರದು ಅಂತ ಅದೇ ಇಲಾಖೆ ಹೇಳುವ ಕಿಂಗ್ ಮ್ಯಾಕರೆಲ್‌ಗೆ ಅದು ಅಣ್ಣತಮ್ಮ. ಅದೂ ದೊಡ್ಡದಾಗಿ ಬೆಳೆಯುವ ಬೇಟೆಗಾರ ಮೀನೇ. ಹುಲಿಗೆ ಹೆದರಿ ಚಿರತೆಯ ಗುಹೆಗೆ ಹೋದ ಹಾಗೆ. ಅಂಜಲ್ ಬಿಟ್ಟು ಬಂಗುಡೆಗೆ ಬನ್ನಿ, ದುಡ್ಡೂ ಉಳಿಯುತ್ತದೆ.

ದೊಡ್ಡ ಮೀನು ವಾಪಸ್ ಬಿಟ್ಟರೆ ಸಾಯುತ್ತದಾ? ಎಷ್ಟು ಆಳದಿಂದ ತಂದಿರಿ ಎನ್ನುವುದರ ಮೇಲಿದೆ. ವಾಲೈ, ಪರ್ಚ್‌ಗಳ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಬಾಯಿಯ ಕಡೆ ದಾರಿ ಇಲ್ಲ. ಮೂವತ್ತು ಅಡಿಗಿಂತ ಕೆಳಗಿನಿಂದ ಸರಸರ ಎಳೆದರೆ ಒಳಗಿನ ಗಾಳಿ ಹಿಗ್ಗಿ, ಕಣ್ಣು ಉಬ್ಬಿ, ಮೀನು ಮೇಲೆ ತೇಲುತ್ತದೆ. ಅಂಥದ್ದನ್ನು ಬಿಟ್ಟರೂ ಬಹಳಷ್ಟು ಉಳಿಯುವುದಿಲ್ಲ. ಪೈಕ್‌ಗೂ ಲೇಕ್ ಟ್ರೌಟ್‌ಗೂ ಗಾಳಿಚೀಲದಿಂದ ಗಂಟಲಿಗೆ ದಾರಿ ಇದೆ, ತೇಗಿದ ಹಾಗೆ ಗಾಳಿ ಹೊರಗೆ ಬಿಡುತ್ತವೆ. ಅದಕ್ಕೇ ನನ್ನ ಸಲಹೆ: ವಾಲೈ ಬಿಡುವ ಯೋಚನೆ ಇದ್ದರೆ ಆಳದಲ್ಲಿ ಗಾಳ ಹಾಕಲೇಬೇಡಿ. ಹತ್ತು ಹದಿನೈದು ಅಡಿಯಲ್ಲಿ ಹಿಡಿದು, ಕೈ ಒದ್ದೆ ಮಾಡಿಕೊಂಡು, ಗಾಳ ಬಿಡಿಸಿ ನೀರಿಗೆ ಇಳಿಸಿದರೆ ಬಹುಪಾಲು ಬದುಕುತ್ತವೆ. ಗಾಳವನ್ನು ಹೊಟ್ಟೆಗೇ ನುಂಗಿದ್ದರೆ ಎಳೆಯಬೇಡಿ, ದಾರ ಕತ್ತರಿಸಿ. ಫೋಟೋಕ್ಕೆ ಅಂತ ಕಿವಿರಿಗೆ ಬೆರಳು ಹಾಕಿ ಎರಡು ನಿಮಿಷ ನೇತಾಡಿಸುವುದಿದೆಯಲ್ಲ, ಅದಕ್ಕಿಂತ ಒಂದೇ ಏಟಿಗೆ ಕೊಂದು ತಿನ್ನುವುದು ಮರ್ಯಾದೆ.

ಬಿಡುವುದರಿಂದ ಸರೋವರಕ್ಕೆ ಲಾಭ ಇದೆಯಾ ಅಂದರೆ, ಇದೆ. ದೊಡ್ಡ ವಾಲೈಗಳು ಹೆಚ್ಚಾಗಿ ಹೆಣ್ಣು, ಲಕ್ಷಗಟ್ಟಲೆ ಮೊಟ್ಟೆ ಇಡುತ್ತವೆ. ಈಲಿಯ ಪಶ್ಚಿಮಕ್ಕೆ ರೆಡ್ ಲೇಕ್ ಇದೆ. ಹಿಡಿದೂ ಹಿಡಿದೂ 1990ರ ದಶಕದಲ್ಲಿ ಅಲ್ಲಿ ವಾಲೈ ಬರಿದಾಯಿತು. 1999ರಲ್ಲಿ ಹಿಡಿಯುವುದನ್ನೇ ನಿಲ್ಲಿಸಿ, ಅಲ್ಲಿನ ಮೂಲನಿವಾಸಿ ಸಮುದಾಯವೂ ರಾಜ್ಯವೂ ಸೇರಿ ಮರಿ ಬಿಟ್ಟರು. 2006ರಲ್ಲಿ ಮತ್ತೆ ತೆರೆಯಿತು. ಬೇಗ ಚೇತರಿಸಿಕೊಂಡ ಸರೋವರ ಅದು, ಎಲ್ಲದಕ್ಕೂ ಆ ಅದೃಷ್ಟ ಇರುವುದಿಲ್ಲ. ಎಷ್ಟು ಮೀನು, ಯಾವ ಅಳತೆ ಎನ್ನುವ ನಿಯಮ ಒಂದೊಂದು ಸರೋವರಕ್ಕೆ ಒಂದೊಂದು ಥರ, ವರ್ಷವರ್ಷ ಬದಲಾಗುತ್ತದೆ. ಹೋಗುವ ಹಿಂದಿನ ರಾತ್ರಿ ಆ ವರ್ಷದ ಪುಸ್ತಿಕೆ ತೆರೆದು ನೋಡಿ. ಗೆಳೆಯರ ಬಾಯಿಮಾತು ಸಾಲದು.

ಕೊನೆಗೆ ಪೈಕ್. ಅದನ್ನು ಅಂಜಲ್ ಥರ ಅಡ್ಡಡ್ಡ ತುಂಡು ಮಾಡಿ ಸಾರಿಗೆ ಹಾಕಬೇಡಿ. ಬೆನ್ನಿನ ಮಾಂಸದೊಳಗೆ ಕವಣೆಯ ಕವಲಿನಂಥ ಮುಳ್ಳುಗಳ ಸಾಲು ಇದೆ, ಬೆನ್ನುಮೂಳೆಗೆ ಅಂಟಿರುವುದಿಲ್ಲ. ರೋಹು, ಕಾಟ್ಲಾ ತಿಂದವರಿಗೆ ಗೊತ್ತು. ಅಡ್ಡ ಕೊಯ್ದರೆ ಪ್ರತಿ ತುಂಡಿನಲ್ಲೂ ಅವು ಚೂರುಚೂರಾಗಿ ಉಳಿಯುತ್ತವೆ. ಹೊಸದರಲ್ಲಿ ನಾನು ಹಾಗೇ ಸಾರು ಮಾಡಿ, ಗಂಟಲಿಗೆ ಸಿಕ್ಕಿಸಿಕೊಂಡು, ಅನ್ನದ ಉಂಡೆ ನುಂಗುತ್ತ ಅರ್ಧ ರಾತ್ರಿ ಕೂತಿದ್ದೆ. ಬಾಲದ ಕಡೆಯ ಮೂರನೇ ಒಂದು ಭಾಗದಲ್ಲಿ ಈ ಮುಳ್ಳಿಲ್ಲ, ಅದು ಸಾರಿಗೆ. ಉಳಿದ ಮಾಂಸವನ್ನು ಎರಡೂ ಪಕ್ಕ ಉದ್ದಕ್ಕೆ ಬಿಡಿಸಿ, ಚರ್ಮ ತೆಗೆದು, ಬೆರಳಿನಲ್ಲಿ ಸವರಿದರೆ ಮುಳ್ಳಿನ ಸಾಲು ತಾಗುತ್ತದೆ. ಸಾಲಿನ ಎರಡೂ ಬದಿ ಕೊಯ್ದು ಆ ಪಟ್ಟಿಯನ್ನೇ ಎತ್ತಿ ತೆಗೆಯಬಹುದು. ಕೈ ಪಳಗಿಲ್ಲದಿದ್ದರೆ ಇನ್ನೊಂದು ದಾರಿ: ಮೂರು ಮೂರು ಮಿಲಿಮೀಟರಿಗೆ ಆಳವಾಗಿ ಗೀರು ಹಾಕಿ, ಮಸಾಲೆ ಹಚ್ಚಿ, ತುಂಬ ಎಣ್ಣೆಯಲ್ಲಿ ಗರಿಗರಿ ಕರಿಯಿರಿ. ಮುಳ್ಳು ಚೂರಾಗಿ ಹುರಿದುಹೋಗುತ್ತದೆ. ಹಾಗೆ ಕರಿದದ್ದೂ ದೊಡ್ಡವರಿಗೆ ಮಾತ್ರ.

ಉಳಿದ ಎರಡು ಸಣ್ಣ ವಾಲೈ ಮತ್ತು ಪರ್ಚ್ ನಿಮಗೂ ಅಮ್ಮನಿಗೂ, ನಿಮ್ಮ ಸರೋವರದ ಪಟ್ಟಿ ಇನ್ನೂ ಬಿಗಿಯಾಗಿ ಹೇಳದಿದ್ದರೆ ವಾರಕ್ಕೊಂದು ಊಟ ಅಂತ ಹಂಚಿಕೊಳ್ಳಿ. 22 ಇಂಚಿನದ್ದನ್ನೂ ಅದೇ ಲೆಕ್ಕದಲ್ಲಿ ಇಬ್ಬರೇ ಮುಗಿಸಿ. ಅದರ ತಲೆ ಬಿಸಾಡಿಲ್ಲ ತಾನೆ? ಇಲ್ಲಿಯವರು ತಲೆ ಎಸೆಯುತ್ತಾರೆ, ಆದರೆ ಕಣ್ಣಿನ ಕೆಳಗೆ ಕೆನ್ನೆಯಲ್ಲಿ ನಾಣ್ಯದಷ್ಟು ಅಗಲದ ಒಂದು ತುಂಡಿದೆ, ಇಡೀ ಮೀನಿನಲ್ಲಿ ಅದೇ ರುಚಿ. ಬಲ್ಲವರು ಅದನ್ನು ಮಾತ್ರ ಕೊಯ್ದು ತೆಗೆದಿಟ್ಟುಕೊಳ್ಳುತ್ತಾರೆ. ಅಮ್ಮನಿಗೆ ತಲೆಯ ಸಾರು ಮಾಡಿಕೊಳ್ಳಲು ಹೇಳಿ.